ಗೊತ್ತಿಲ್ಲದ ಕ್ಯಾಸೆಟ್ಟಿಗೆ 30 ರೂಪಾಯಿ

ನಮ್ಮ ಹಾಸ್ಟೆಲಿನ ವರಾಂಡಾದಲ್ಲಿ ಸಂಜೆ ಏಳರ ಸುಮಾರಿಗೆ ಒಂದು ಸುತ್ತು ಹಾಕಿದರೆ ಹೆಚ್ಚುಕಡಿಮೆ ಎಲ್ಲಾ ರೂಮಿನಿಂದಲೂ ಅದೇ ಹತ್ತು-ಹನ್ನೆರಡು ಹಾಡು ಕೇಳಿಬರುತ್ತವೆ. ಈ ವಾರ ರೀಲ್ಸಿನಲ್ಲಿ ಓಡುತ್ತಿರುವ ತುಣುಕು, ಹೋದ ವಾರದ ಸಿನಿಮಾ ಹಾಡು, ನಡುವೆ ಒಂದು ಜಿಮ್ ಹಾಡು. ಅದರಲ್ಲಿ ತಪ್ಪೇನೂ ಇಲ್ಲ, ನಾವೂ ಕೇಳತೀವಿ. ಆದರೆ ‘ನಿನ್ನ ಫೇವರಿಟ್ ಸಿಂಗರ್ ಯಾರೋ?’ ಅಂತ ಯಾರನ್ನಾದರೂ ಕೇಳಿ, ಹೆಸರು ಬಂದ ಮೇಲೆ ‘ಅವರು ನಿನಗ ಹೆಂಗ ಸಿಕ್ಕರು?’ ಅಂತ ಇನ್ನೊಂದು ಪ್ರಶ್ನೆ ಹಾಕಿ ನೋಡ್ರಿ. ಬಹಳ ಮಂದಿ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆ್ಯಪ್ ಮುಂದಿಟ್ಟಿತು, ನಾವು ಬ್ಯಾಡ ಅನ್ನಲಿಲ್ಲ, ಅಷ್ಟೇ.

ನಮ್ಮ ವಾದ ಸರಳ. ನಿಮ್ಮವರು ಅಂತ ಕಡೇತನಕ ಉಳಿಯುವ ಹಾಡುಗಾರರು, ವಾದಕರು ಸಿಗಬೇಕಾದರೆ ಹೆಸರೂ ಕೇಳಿರದವರ ಒಂದು ಧ್ವನಿಮುದ್ರಣವನ್ನು ಬರೀ ಅಂದಾಜಿನ ಮೇಲೆ, ಕೈಯಿಂದ ದುಡ್ಡು ಕೊಟ್ಟು, ರೂಮಿಗೆ ತರಬೇಕು. ‘ಯಾಕೋ ಇದು ಚೊಲೊ ಇರಬಹುದು ಅನಸ್ತೈತಿ’ ಅನ್ನುವಷ್ಟು ಕಾರಣ ಸಾಕು. ದುಡ್ಡು ಸಣ್ಣದೇ ಇರಲಿ, ಆದರೆ ಕೊಟ್ಟಿರಬೇಕು. ಹೋದ ಸಲದ ಸಿದ್ಧೇಶ್ವರ ಜಾತ್ರೆಯಿಂದ ಈಚೆಗೆ ನಾವು ಐದು ಮಂದಿ ಇದನ್ನೇ ಮಾಡುತ್ತಾ ಬಂದಿದ್ದೇವೆ. ಮೆಕ್ಯಾನಿಕಲ್ಲಿನವರು ಇಬ್ಬರು, ಇ ಆ್ಯಂಡ್ ಸಿ ಒಬ್ಬಳು, ಕಂಪ್ಯೂಟರ್ ಸೈನ್ಸ್ ಇಬ್ಬರು. ಸಂಗೀತ ಕಲಿತವರು ಒಬ್ಬರೂ ಇಲ್ಲ.

ವಿಜಯಪುರದಾಗ ಈಗ ಹೊಸ ಕ್ಯಾಸೆಟ್ ಎಲ್ಲಿ ಸಿಗತಾವ ಅಂತ ಕೇಳಬ್ಯಾಡ್ರಿ, ಸಿಗೂದಿಲ್ಲ. ಒಂದು ಕಾಲಕ್ಕೆ ಕ್ಯಾಸೆಟ್ ಮಾರುತ್ತಿದ್ದ ಅಂಗಡಿಗಳು ಮೊದಲು ಎಂಪಿತ್ರೀ ಸೀಡಿಗೆ ಬಂದವು, ಆಮೇಲೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವುದಕ್ಕೆ ಬಂದವು, ಈಗ ಮೊಬೈಲ್ ಕವರ್ ಮಾರುತ್ತಿವೆ. ಹಳೇ ಕ್ಯಾಸೆಟ್ಟುಗಳು ಸಿಗುವುದು ಮೋಡಕಾ ಅಂಗಡಿಗಳಲ್ಲಿ. ಮನೆ ಖಾಲಿ ಮಾಡುವವರು ಹಿತ್ತಾಳೆ, ರದ್ದಿ ಪೇಪರ್, ಕೆಟ್ಟ ಮಿಕ್ಸರ್ ಜೊತೆಗೆ ಒಂದು ಚೀಲ ಕ್ಯಾಸೆಟ್ಟನ್ನೂ ತೂಕಕ್ಕೆ ಹಾಕಿ ಹೋಗಿರುತ್ತಾರೆ. ಮೊದಲ ಸಲ ಹೋದಾಗ ಅಂಗಡಿಯ ಕಾಕಾ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ‘ಇವನ್ನ ತಗೊಂಡು ಏನ್ ಮಾಡತೀರಿ ತಮ್ಮಾ? ಪ್ರಾಜೆಕ್ಟಿಗೇನು?’ ಅಂದರು. ಕೇಳಾಕ ಅಂದೆವು. ಅವರು ನಕ್ಕು ಒಂದಕ್ಕೆ 30 ರೂಪಾಯಿ ಅಂದರು. ತೂಕಕ್ಕೆ ಕೊಂಡದ್ದನ್ನು ಎಣಿಸಿ ಮಾರುವುದು ವ್ಯಾಪಾರ. ಬೇಕು ಅಂತ ನಮ್ಮ ಮುಖದ ಮೇಲೆ ಬರೆದಿತ್ತು. ಒಂದು ಪ್ಲೇಟ್ ಗಿರ್ಮಿಟ್, ಒಂದು ಚಹಾ ಬಿಟ್ಟರೆ ಒಂದು ಕ್ಯಾಸೆಟ್.

ಅಂದಾಜು ಅಂದರೆ ಕಣ್ಣು ಮುಚ್ಚಿ ಕೈ ಹಾಕುವುದು ಅಂತ ತಿಳಿಯಬಾರದು. ಕವರ್ ಓದಬೇಕು. ಮುಂದಿನ ಫೋಟೋ ಅಷ್ಟೇನೂ ಹೇಳುವುದಿಲ್ಲ. ನಮ್ಮ ಕಡೆಯ ಭಜನಿ ಪದದ ಕ್ಯಾಸೆಟ್ಟುಗಳಲ್ಲಿ ಹಾಡುವವರು ಯಾವಾಗಲೂ ಶಾಲು ಹೊದ್ದು ಮೈಕಿನ ಮುಂದೆ ಕೂತಿರುತ್ತಾರೆ, ಹಿಂದೆ ಒಂದು ಗುಡಿಯ ಚಿತ್ರ. ಓದಬೇಕಾದದ್ದು ಒಳಗಿನ ಮಡಿಕೆಯ ಸಣ್ಣ ಅಕ್ಷರ: ಹಾರ್ಮೋನಿಯಂ ಯಾರು, ತಬಲಾ ಯಾರು, ತಾಳ ಯಾರು, ಪದ ಕಟ್ಟಿದವರು ಯಾರು, ಯಾವ ಊರಿನ ಸಂಘ. ಒಂದು ಬದಿಗೆ ಎಂಟು ಹಾಡು ತುರುಕಿದ್ದಾರೋ, ಎರಡೇ ಇವೆಯೋ ಅನ್ನುವುದೂ ಮುಖ್ಯ. 30 ನಿಮಿಷಕ್ಕೆ ಎರಡೇ ಪದ ಇದ್ದರೆ ಹಾಡುವವರಿಗೆ ಅವಸರ ಇರಲಿಲ್ಲ ಅಂತ ಅರ್ಥ, ತಗೋಬಹುದು. ಬಳಸಿ ಬಳಸಿ ಮೇಲಿನ ಅಕ್ಷರ ಅಳಿಸಿಹೋದ ಕ್ಯಾಸೆಟ್ಟನ್ನಂತೂ ಬಿಡಬಾರದು. ಯಾರದೋ ಮನೆಯಲ್ಲಿ ಅದು ನೂರಾರು ಸಲ ಓಡಿದೆ.

ಇಷ್ಟೆಲ್ಲಾ ಓದಿ ತಂದರೂ ಬಹಳಷ್ಟು ಕೆಡುತ್ತವೆ. ಈವರೆಗೆ 41 ತಂದಿದ್ದೇವೆ. 6 ಓಡಲೇ ಇಲ್ಲ. ಒಂದರ ಕವರಿನಲ್ಲಿ ದಾಸರ ಪದ ಅಂತಿತ್ತು, ಒಳಗೆ ಯಾರದೋ ಮದುವೆಯ ಆಶೀರ್ವಚನ. ಅರ್ಧಕ್ಕರ್ಧ ಸಾಧಾರಣ. ನಮ್ಮವು ಅಂತ ಉಳಿದದ್ದು 5. ಅಂಥಾ 5 ಜನ ನಮಗೆ ನಾಲ್ಕು ವರ್ಷದ ಫೋನಿನಲ್ಲಿ ಸಿಕ್ಕಿರಲಿಲ್ಲ ಅನ್ನುವುದು ನಮ್ಮ ಲೆಕ್ಕ.

ಅದರಲ್ಲಿ ಮೊದಲನೆಯವರ ಹೆಸರು ಹೇಳಿದರೆ ಹಿರಿಯರು ನಗುತ್ತಾರೆ, ಯಾಕೆಂದರೆ ಅವರಿಗೆ ಇದು ‘ಗೊತ್ತಿಲ್ಲದ’ ಹೆಸರೇ ಅಲ್ಲ. ಮಲ್ಲಿಕಾರ್ಜುನ ಮನ್ಸೂರರು. ಧಾರವಾಡದ ಹತ್ತಿರದ ಮನ್ಸೂರಿನವರು, 1910ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡವರು. ನಾವು ಹುಟ್ಟುವ ಹೊತ್ತಿಗೆ ಅವರು ಹೋಗಿ ಹತ್ತು ವರ್ಷದ ಮೇಲಾಗಿತ್ತು. ಪಠ್ಯಪುಸ್ತಕದಲ್ಲಿ ಹೆಸರು ಓದಿದ್ದೆವು, ದನಿ ಕೇಳಿರಲಿಲ್ಲ. ಆ ಕ್ಯಾಸೆಟ್ ತಂದದ್ದು ಹೆಸರಿಗಾಗಿಯೂ ಅಲ್ಲ, ಅದರ ಮೇಲೆ ‘ಶಿವಮತ ಭೈರವ’ ಅಂತ ಇತ್ತು ಅನ್ನುವುದಕ್ಕೆ. ಭೈರವ ಗೊತ್ತು, ಭೈರವಿ ಗೊತ್ತು, ಇದೇನಿದು ನಡುವೆ ಶಿವಮತ? ಅಷ್ಟೇ ಕಾರಣ.

ಮೊದಲ ಸಲ ಹಾಕಿದಾಗ ಏನೂ ಹತ್ತಲಿಲ್ಲ. ಖರೇ ಹೇಳಬೇಕಂದ್ರ ಒಬ್ಬ ಮಲಗಿಬಿಟ್ಟ. ಆದರೆ ದುಡ್ಡು ಕೊಟ್ಟಾಗಿತ್ತು. ಕ್ಯಾಸೆಟ್ಟಿನಲ್ಲಿ ಮುಂದೆ ಓಡಿಸುವುದೂ ಒಂದು ಕಿರಿಕಿರಿ, ಎಲ್ಲಿ ನಿಲ್ಲುತ್ತದೋ ಗೊತ್ತಾಗುವುದಿಲ್ಲ. ಹಂಗಾಗಿ ಪೂರಾ ಕೇಳಿದೆವು. ಎರಡು ದಿನ ಬಿಟ್ಟು ಮತ್ತೆ ಕೇಳಿದೆವು. ಮೂರನೇ ಸಲಕ್ಕೆ ಒಂದು ಸಂಗತಿ ಗಮನಕ್ಕೆ ಬಂತು: ಈ ಮನುಷ್ಯ ನಿಧಾನಕ್ಕೆ ಪೀಠಿಕೆ ಹಾಕುತ್ತಾ ಕೂರುವುದಿಲ್ಲ. ಸ್ವಲ್ಪ ಹೊತ್ತಿಗೇ ಬಂದಿಶ್ ಶುರು, ತಬಲಾ ಶುರು. ಆಮೇಲೆ ದನಿ ತಾಳದ ಸುತ್ತಲೇ ಬಳ್ಳಿ ಹಂಗ ಸುತ್ತುತ್ತಾ ಹೋಗುತ್ತದೆ. ಇನ್ನೇನು ಸಮ ತಪ್ಪಿತು ಅನ್ನುವಷ್ಟರಲ್ಲಿ ಎಲ್ಲಿಂದಲೋ ಬಂದು ಸರಿಯಾಗಿ ಅದರ ಮೇಲೇ ಕೂರುತ್ತದೆ. ಮಲಗಿದ್ದವನೇ ಎದ್ದು ‘ಅದನ್ನ ಇನ್ನೊಮ್ಮೆ ಹಿಂದ ತಗೊ’ ಅಂದ. ಜೈಪುರ-ಅತ್ರೌಲಿ ಘರಾಣೆ, ಮಂಜಿ ಖಾನ್ ಮತ್ತು ಬುರ್ಜಿ ಖಾನರ ಹತ್ತಿರದ ಪಾಠ, ಅಪರೂಪದ ರಾಗಗಳ ಮೇಲಿನ ಪ್ರೀತಿ, ಇವೆಲ್ಲಾ ನಾವು ಆಮೇಲೆ ಓದಿಕೊಂಡದ್ದು. ಮೊದಲು ಕಿವಿಗೆ ಸಿಕ್ಕಿತು, ಆಮೇಲೆ ಹೆಸರು ಸಿಕ್ಕಿತು.

ಆ ಮುದ್ರಣದಲ್ಲಿ ಇನ್ನೊಂದು ದನಿ ಇತ್ತು, ಹಿಂದಿನಿಂದ ಎಳೆ ಹಿಡಿದು ಸಾಗುವ ದನಿ. ಮಗ ರಾಜಶೇಖರ ಮನ್ಸೂರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ತಂದೆಯ ಹಿಂದೆ ಕೂತು ಹಾಡಿದವರ ಒಂಟಿ ಗಾಯನ ಹೆಂಗಿರತೈತಿ ಅಂತ ಹುಡುಕಿದೆವು, ಅವರು ನಮ್ಮ ಎರಡನೆಯವರಾದರು. ಒಂದು ಕ್ಯಾಸೆಟ್ಟಿನ ಮೂಲೆಯಲ್ಲಿರುವ ಹೆಸರು ಇನ್ನೊಂದಕ್ಕೆ ದಾರಿ ಆಗುವುದು ಹೀಗೆ.

ಈ ದಾರಿಯಲ್ಲಿ ಹೋಗುವುದನ್ನು ಒಂದು ಚಟದ ಮಟ್ಟಕ್ಕೆ ಬೆಳೆಸಿದವರು ಅಮೆರಿಕದ ಜಾಜ್ ಕೇಳುಗರು. ಜಾಜ್ ಅಂದರೆ ಗೊತ್ತಿಲ್ಲದವರಿಗೆ: ಇಪ್ಪತ್ತನೇ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸಿನ ಕಪ್ಪು ಜನರ ನಡುವೆ ಬೆಳೆದ ಸಂಗೀತ. ಒಂದು ಧಾಟಿ ಹಿಡಿದು ಅದರ ಮೇಲೆ ಆ ಗಳಿಗೆಯಲ್ಲಿ ತೋಚಿದ್ದನ್ನು ನುಡಿಸುತ್ತಾ ಹೋಗುವುದು ಅದರ ಜೀವ. ಖ್ಯಾಲ್ ಕೇಳಿದವರಿಗೆ ಇದು ಅಪರಿಚಿತ ಅನ್ನಿಸುವುದಿಲ್ಲ. ಜಾಜ್ ತಟ್ಟೆಯ ಹಿಂಬದಿಯಲ್ಲಿ ಯಾರು ಯಾವ ವಾದ್ಯ ನುಡಿಸಿದರು ಅಂತ ಎಲ್ಲರ ಹೆಸರೂ ಇರುತ್ತದೆ. 1959ರಲ್ಲಿ ಬಂದ ‘ಕೈಂಡ್ ಆಫ್ ಬ್ಲೂ’ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಹೆಸರಿನ ಆಲ್ಬಂ. ಆದರೆ ಒಳಗೆ ಸ್ಯಾಕ್ಸೊಫೋನಿಗೆ ಜಾನ್ ಕೋಲ್ಟ್ರೇನ್, ಕ್ಯಾನನ್‌ಬಾಲ್ ಆ್ಯಡರ್ಲಿ, ಪಿಯಾನೊಗೆ ಬಿಲ್ ಇವಾನ್ಸ್. ಅದೊಂದನ್ನು ಕೊಂಡವನು ಪಿಯಾನೊ ಹಿಡಿಸಿದರೆ ಮುಂದಿನ ತಿಂಗಳು ಬಿಲ್ ಇವಾನ್ಸನ ತಟ್ಟೆ ಕೊಳ್ಳುತ್ತಾನೆ, ಅಲ್ಲಿ ಬಾಸ್ ನುಡಿಸಿದವನ ಹೆಸರು ಹಿಡಿದು ಮತ್ತೊಂದಕ್ಕೆ. ಬ್ಲೂ ನೋಟ್ ಅನ್ನುವ ಕಂಪನಿಯ ತಟ್ಟೆ ಅಂದರೆ ನುಡಿಸಿದವರು ಯಾರೇ ಇರಲಿ, ಕವರಿನ ಫೋಟೋ ಮತ್ತು ಅಕ್ಷರದ ಚೆಂದ ನೋಡಿಯೇ ಕೊಳ್ಳುವವರಿದ್ದರು. ಕಂಪನಿಯ ಕಿವಿಯ ಮೇಲೆ ಅವರಿಗೆ ಅಷ್ಟು ನಂಬಿಕೆ. ನಮ್ಮಲ್ಲೂ ಹಿಂದೂಸ್ತಾನಿ ತಟ್ಟೆಗಳಲ್ಲಿ ಇದು ಸಾಧ್ಯ. ಭೀಮಸೇನ ಜೋಶಿಯವರ ಅದೆಷ್ಟೋ ಮುದ್ರಣಗಳ ಹಿಂದೆ ಹಾರ್ಮೋನಿಯಂ ಹಿಡಿದ ಪುರುಷೋತ್ತಮ ವಾಲಾವಲಕರರನ್ನು ಅವರ ಸಲುವಾಗಿಯೇ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಜಾಜ್ ಮತ್ತು ಕರ್ನಾಟಕ ಒಂದೇ ಕ್ಯಾಸೆಟ್ಟಿನಲ್ಲಿ ಭೇಟಿಯಾದ ಕತೆಯೂ ಇದೆ. ಬಂಟ್ವಾಳದ ಕಡೆಯ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ತಂದೆ ನಾಗಸ್ವರ ವಿದ್ವಾಂಸರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮರುಳಾದರು, ಅದರಲ್ಲೇ ಕರ್ನಾಟಕ ಸಂಗೀತ ನುಡಿಸಲು ಹೊರಟರು. ಗಮಕಕ್ಕೆ ಒಗ್ಗದ ವಾದ್ಯವನ್ನು ಒಗ್ಗಿಸಲು ವರ್ಷಗಟ್ಟಲೆ ಹಿಡಿಯಿತು. ಇತ್ತ ಅಮೆರಿಕದಲ್ಲಿ, ಕರ್ನಾಟಕ ಮೂಲದ ಭೌತವಿಜ್ಞಾನಿಯೊಬ್ಬರ ಮಗ ರುದ್ರೇಶ ಮಹಾಂತಪ್ಪ ಜಾಜ್ ಸ್ಯಾಕ್ಸೊಫೋನ್ ಕಲಿಯುತ್ತಿದ್ದರು. ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುವಾಗ ಅವರ ಅಣ್ಣ ಹೆಚ್ಚುಕಡಿಮೆ ಚೇಷ್ಟೆಗಾಗಿ ಒಂದು ಆಲ್ಬಂ ಕೈಗಿತ್ತರು: ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’. ಅದು ಕದ್ರಿಯವರದು. ಹೆಸರು ನೋಡಿದರೆ ಯಾರಿಗಾದರೂ ನಗು ಬರಬೇಕು. ಕೇಳಿದವರಿಗೆ ನಗು ಬರಲಿಲ್ಲ. ಮುಂದೆ ಆ ಹುಡುಗ ಕದ್ರಿಯವರನ್ನು ಹುಡುಕಿಕೊಂಡು ಬಂದರು, 2008ರಲ್ಲಿ ಇಬ್ಬರೂ ಕೂಡಿ ‘ಕಿನ್ಸ್‌ಮೆನ್’ ಅನ್ನುವ ಆಲ್ಬಂ ತಂದರು. ನಮ್ಮ ಐವರಲ್ಲಿ ಇಬ್ಬರಿಗೆ ಜಾಜಿನ ಬಾಗಿಲು ತೆರೆದದ್ದು ಈ ಆಲ್ಬಮ್ಮಿನಿಂದ. ಎರಡು ಸ್ಯಾಕ್ಸೊಫೋನು ಒಂದರ ಮಾತು ಇನ್ನೊಂದು ಕಸಿದುಕೊಳ್ಳುವಂತೆ ನುಡಿಯುತ್ತವೆ. ಬಸ್ಸಿನಲ್ಲಿ ಕೇಳಬ್ಯಾಡ್ರಿ, ಇಳಿಯೋ ಸ್ಟಾಪ್ ತಪ್ಪತೈತಿ.

ಇನ್ನು ಇದೇ ಊರಿಗೆ ಸಂಬಂಧಪಟ್ಟ ಒಂದು ಕತೆ. 1933ರಲ್ಲಿ ಗದುಗಿನ ಹನ್ನೊಂದು ವರ್ಷದ ಒಬ್ಬ ಹುಡುಗ ಮನೆ ಬಿಟ್ಟ. ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ, ಹಂಗೇ ಹಾಡಬೇಕು ಅಂತ ಹುಚ್ಚು ಹಿಡಿದಿತ್ತು ಅವನಿಗೆ. ಗುರು ಹುಡುಕಿಕೊಂಡು ಬಿಜಾಪುರದ ಕಡೆ ರೈಲು ಹತ್ತಿದ ಅಂತ ಭೀಮಸೇನ ಜೋಶಿಯವರ ಜೀವನಕತೆ ಹೇಳುವವರು ಬರೆಯುತ್ತಾರೆ. ಆ ಮೇಲೆ ಎಲ್ಲೆಲ್ಲೋ ಸುತ್ತಿ ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಕಾಲಿಗೆ ಬಿದ್ದರು. ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಖಾನ್ ಸಾಹೇಬರು ನೆಲೆಸಿದ್ದು ಮಿರಜಿನಲ್ಲಿ. ನಮ್ಮ ಅಥಣಿ ರಸ್ತೆ ಹಿಡಿದರೆ ತೊರವಿ, ತಿಕೋಟಾ ದಾಟಿ ಆ ಕಡೆಗೇ ದಾರಿ. ಅಂದಹಾಗೆ ಆ ತೊರವಿಯಲ್ಲೇ ಎರಡನೇ ಇಬ್ರಾಹಿಂ ಆದಿಲ್‌ಶಾಹ ನವರಸಪುರ ಕಟ್ಟಿಸಿದ್ದು. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ ಸುಲ್ತಾನ ಅವನು. ಸಂಗೀತ ಮಹಲಿನ ಮುಂದೆ ಸೆಲ್ಫಿ ತಗೊಂಡು ಬರತೀವಿ, ಅಲ್ಲಿ ಒಂದು ಹಾಡು ಕೇಳಿ ಬಂದವರು ಕಡಿಮೆ.

ಈಗ ಎದುರು ವಾದಕ್ಕೆ ಬರೋಣ. ನಮ್ಮ ವಿಂಗಿನ ಗೆಳೆಯನೊಬ್ಬ ನೇರವಾಗಿಯೇ ಕೇಳಿದ: ‘ಎಲ್ಲಾ ಯೂಟ್ಯೂಬಿನಾಗ ಪುಕ್ಕಟ ಐತಿ. ಮನ್ಸೂರರೂ ಅದಾರ, ಕದ್ರಿನೂ ಅದಾರ. ಕಸದಾಗಿಂದ ಕ್ಯಾಸೆಟ್ ಆರಿಸಿ ತರೂದ್ರಾಗ ಏನ್ ದೊಡ್ಡಸ್ತಿಕಿ ಐತೋ?’ ಪ್ರಶ್ನೆ ಸರಿಯಾಗೇ ಇದೆ. ಮನ್ಸೂರರು ಅಲ್ಲಿದ್ದಾರೆ ನಿಜ. ಆದರೆ ಮೊದಲ ಸಲ ಹತ್ತದ ಮನ್ಸೂರರನ್ನು ನಾವು ಫೋನಿನಲ್ಲಿ ಮೂರನೇ ಸಲ ಕೇಳುತ್ತಿದ್ದೆವೇ? ನಲವತ್ತು ಸೆಕೆಂಡಿಗೆ ಬೆರಳು ಮುಂದಿನದಕ್ಕೆ ಹೋಗಿರುತ್ತಿತ್ತು. ಸ್ಪಾಟಿಫೈ ಲೆಕ್ಕದಲ್ಲಿ 30 ಸೆಕೆಂಡು ಕೇಳಿದರೆ ಒಂದು ಹಾಡು ಕೇಳಿದ ಹಾಗೆ. ಮನ್ಸೂರರ ಒಂದು ರಾಗಕ್ಕೆ ಆ 30 ಸೆಕೆಂಡಿನಲ್ಲಿ ತಂಬೂರಿಯ ಶ್ರುತಿಯೂ ಕಿವಿಗೆ ಕೂತಿರುವುದಿಲ್ಲ. ನಾವು ಕೊಟ್ಟ 30 ರೂಪಾಯಿ ಹಾಡನ್ನು ಕೊಂಡುಕೊಡಲಿಲ್ಲ ಅಂತಲೇ ಇಟ್ಟುಕೊಳ್ಳಿ. ಎರಡನೇ ಸಲ, ಮೂರನೇ ಸಲ ಕೇಳುವ ಹಟವನ್ನು ಕೊಂಡುಕೊಟ್ಟಿತು.

ಎರಡನೆಯದು ನಮ್ಮ ಸಿಲಬಸ್ಸಿನದೇ ಮಾತು. ಮಷಿನ್ ಲರ್ನಿಂಗ್ ಎಲೆಕ್ಟಿವ್ ತಗೊಂಡವರಿಗೆ ಗೊತ್ತು, ಶಿಫಾರಸು ಮಾಡುವ ಯಂತ್ರ ಹೆಚ್ಚಾಗಿ ನಡೆಯುವುದು ‘ನಿನ್ನಂಥವರು ಇದನ್ನೂ ಕೇಳಿದ್ದಾರೆ’ ಅನ್ನುವ ಲೆಕ್ಕದ ಮೇಲೆ. ಯಾರೂ ಕೇಳದ್ದನ್ನು ಅದು ಯಾರಿಗೂ ತೋರಿಸಲಾರದು. ಅದಕ್ಕೆ ಕೋಲ್ಡ್ ಸ್ಟಾರ್ಟ್ ಅಂತ ಹೆಸರಿಟ್ಟು ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಕೇಳುತ್ತಾರೆ. ಹಾಗೇ ಇನ್ನೊಂದು: ಗೊತ್ತಿರುವ ಚೊಲೊದನ್ನೇ ಮತ್ತೆ ಮತ್ತೆ ಆರಿಸುವುದೋ, ಗೊತ್ತಿಲ್ಲದ್ದರ ಮೇಲೆ ಒಂದಿಷ್ಟು ಕಳೆದುಕೊಳ್ಳಲು ತಯಾರಾಗುವುದೋ, ಇವೆರಡರ ನಡುವಿನ ತೂಕ. ಎಕ್ಸ್‌ಪ್ಲೋರ್-ಎಕ್ಸ್‌ಪ್ಲಾಯಿಟ್ ಅಂತಾರ. ನಾವು ಆ್ಯಪ್ ಬಿಟ್ಟು ಹೋಗಬಾರದು ಅನ್ನುವುದು ಕಂಪನಿಯ ಗರಜು. ಹಂಗಾಗಿ ಅದು ನಮ್ಮ ಪರವಾಗಿ ಕಳೆದುಕೊಳ್ಳುವ ಧೈರ್ಯವನ್ನು ಬಹಳ ಮಾಡುವುದಿಲ್ಲ. 41ರಲ್ಲಿ 36 ಕೆಟ್ಟ ಹಾಡು ಕೊಡುವ ಆ್ಯಪನ್ನು ಯಾರು ಇಟ್ಟುಕೊಳ್ಳುತ್ತಾರೆ? ಆ ನಷ್ಟದ ಕೆಲಸ ನಾವೇ ಮಾಡಬೇಕು.

‘ಯಾರೂ ಕೇಳದ್ದು’ ಅಂದೆವಲ್ಲ, ಅದು ಎಲ್ಲೋ ದೂರದ ಮಾತು ಅಲ್ಲ. ಅಂಥಾ ಸಂಗೀತ ನಮ್ಮ ಜಿಲ್ಲೆಯ ತುಂಬ ಇದೆ. ಡೊಳ್ಳಿನ ಪದ, ಗೀಗೀ ಪದ, ಭಜನಿ ಪದ, ಮೊಹರಮ್ಮಿನ ರಿವಾಯತ್, ಕಂಪನಿ ನಾಟಕದ ಹಾಡು. ಹರದೇಶಿ-ನಾಗೇಶಿ ಮೇಳದವರು ಶಿವ ಹೆಚ್ಚೋ ಶಕ್ತಿ ಹೆಚ್ಚೋ ಅಂತ ದಪ್ಪು, ತುಂತುಣಿ ಹಿಡಿದು ಬೆಳತನಕ ವಾದ ಹಾಕುತ್ತಾರೆ. ಒಬ್ಬರು ಸವಾಲು ಎಸೆದರೆ ಇನ್ನೊಬ್ಬರು ನಿಂತ ನಿಲುವಿನಲ್ಲೇ ಪದ ಕಟ್ಟಿ ಜವಾಬು ಕೊಡಬೇಕು. ಇವುಗಳ ಕ್ಯಾಸೆಟ್ಟುಗಳು ಒಂದು ಕಾಲಕ್ಕೆ ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮಾರಾಟವಾದವು. ಆನ್‌ಲೈನಿಗೆ ಬಂದವು ಕೆಲವು. ಬಂದವಕ್ಕೂ ‘ಸೂಪರ್ ಹಿಟ್ ಪದಗಳು ಭಾಗ 2’ ಅಂತ ಹೆಸರು, ಹಾಡಿದವರ ಹೆಸರೇ ಇಲ್ಲ. ಹೆಸರಿಲ್ಲದ್ದನ್ನು ಯಂತ್ರ ಯಾವುದರ ಜೊತೆಗೆ ಜೋಡಿಸಬೇಕು?

ನಮ್ಮ 5ರಲ್ಲಿ ಮೂರನೆಯವರು ಸಿಕ್ಕದ್ದು ಇಲ್ಲಿ. ಬೇರೆ ಬೇರೆ ಹಾಡುಗಾರರ ಮೂರು ಭಜನಿ ಕ್ಯಾಸೆಟ್ಟುಗಳಲ್ಲಿ ಹಾರ್ಮೋನಿಯಂ ಒಂದೇ ರೀತಿ ನುಡಿಯುತ್ತಿದೆ ಅಂತ ನಮ್ಮ ಇ ಆ್ಯಂಡ್ ಸಿ ಗೆಳತಿ ಹಟ ಹಿಡಿದಳು. ಕವರ್ ತೆಗೆದು ನೋಡಿದರೆ ಎರಡರಲ್ಲಿ ಒಂದೇ ಹೆಸರು, ಮೂರನೆಯದಕ್ಕೆ ಕವರೇ ಇರಲಿಲ್ಲ. ಸಾಮಾನ್ಯವಾಗಿ ಭಜನಿಯಲ್ಲಿ ಹಾರ್ಮೋನಿಯಂ ಹಾಡಿನ ಬೆನ್ನು ಹಿಡಿದು ಹೋಗುತ್ತದೆ. ಇವರು ಹಂಗ ಮಾಡುವುದಿಲ್ಲ. ಹಾಡುವವರು ಉಸಿರು ತಗೊಳ್ಳುವ ಸಂದಿನಲ್ಲಿ ಮುಂದಿನ ಸಾಲಿನ ಒಂದು ತುಂಡನ್ನು ಮೊದಲೇ ನುಡಿಸಿ ಬಿಡುತ್ತಾರೆ, ‘ಬಾ, ಇಲ್ಲಿ ಬಾ’ ಅಂತ ಕರೆದಂತೆ. ಹಾಡುವವರು ಒಮ್ಮೊಮ್ಮೆ ಆ ಕರೆಗೆ ಬೆರಗಾಗಿ ಬೇರೆಯದೇ ತಿರುವು ತಗೊಳ್ಳುತ್ತಾರೆ. ‘ಕೈಂಡ್ ಆಫ್ ಬ್ಲೂ’ದಲ್ಲಿ ಬಿಲ್ ಇವಾನ್ಸ್ ಬಗ್ಗೆ ದೊಡ್ಡ ದೊಡ್ಡ ಲೇಖನ ಓದಿದ್ದೆವು. ಇವರ ಬಗ್ಗೆ ಒಂದು ಸಾಲೂ ಎಲ್ಲಿಯೂ ಸಿಗಲಿಲ್ಲ. ಫೋನಿನಲ್ಲಿ ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನ ಒಬ್ಬ ಶಾಮಿಯಾನಾ ಕಂಟ್ರ್ಯಾಕ್ಟರ್ ಬಂದರು.

ಕವರಿನಲ್ಲಿ ಊರಿನ ಹೆಸರಿತ್ತು, ಬಬಲೇಶ್ವರ ತಾಲ್ಲೂಕಿನದು. ಒಂದು ರವಿವಾರ ಜಮಖಂಡಿ ಬಸ್ ಹತ್ತಿ ಬಬಲೇಶ್ವರದಲ್ಲಿ ಇಳಿದು, ಚಹಾದ ಅಂಗಡಿಯಲ್ಲಿ ಕೇಳಿದೆವು. ಅಂಗಡಿಯವರಿಗೆ ಗೊತ್ತಿತ್ತು. ‘ಪೇಟಿ ಮಾಸ್ತರ ಏನ್ರಿ? ಅದಾರಲ್ಲ’ ಅಂದು ದಾರಿ ಹೇಳಿದರು. ಅಜ್ಜರಿಗೆ ಎಪ್ಪತ್ತೈದು ದಾಟಿದೆ. ಹೊಲ ಮಗ ನೋಡಿಕೊಳ್ಳುತ್ತಾನೆ, ಪೇಟಿ ಮನೆಯಲ್ಲೇ ಇದೆ, ಶ್ರಾವಣದಲ್ಲಿ ಗುಡಿಗೆ ಹೋಗುತ್ತದೆ. ನಾವು ಯಾಕೆ ಬಂದೆವು ಅನ್ನುವುದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕವರ್ ತೋರಿಸಿದಾಗ ‘ಇದು ನಿಮ್ಮ ಹಂತ್ಯಾಕ ಹೆಂಗ ಬಂತವ್ವಾ?’ ಅಂತ ನಮ್ಮ ಗೆಳತಿಯನ್ನು ಕೇಳಿದರು. ಒಂದೇ ದಿನದಲ್ಲಿ ಕೂತು ಎರಡು ಕ್ಯಾಸೆಟ್ ಮುಗಿಸಿದ್ದರಂತೆ. ಅವರ ಹತ್ತಿರ ಒಂದೂ ಇಲ್ಲ. ಒಂದಿತ್ತು, ಬೀಗರು ಕೇಳಿ ಕೊಡತೀವಿ ಅಂತ ಒಯ್ದರು, ತಿರುಗಿ ಬರಲಿಲ್ಲ.

ಫೋನಿಗೆ ಹಾಕಿಕೊಂಡು ಹೋಗಿದ್ದೆವು, ಹಚ್ಚಿದೆವು. ಒಂದು ಬದಿ ಪೂರಾ ಮಾತಾಡದೆ ಕೇಳಿದರು. ಬೆರಳು ಮಾತ್ರ ಮೊಣಕಾಲ ಮೇಲೆ ಆಡುತ್ತಿದ್ದವು. ಮೂರನೇ ಪದದಲ್ಲಿ ಒಂದು ಕಡೆ ಕೈ ಎತ್ತಿ, ‘ಇಲ್ಲಿ ತಾಳ ಮುಂದ ಓಡೈತಿ ನೋಡ್ರಿ’ ಅಂದರು. ನಾವು ಹತ್ತಿಪ್ಪತ್ತು ಸಲ ಕೇಳಿದ್ದರೂ ಅದು ನಮಗೆ ಗೊತ್ತಾಗಿರಲಿಲ್ಲ. ಬರುವಾಗ ಪೆನ್ ಡ್ರೈವಿಗೆ ಹಾಕಿ ಕೊಟ್ಟೆವು, ಮೊಮ್ಮಗ ಟೀವಿಗೆ ಚುಚ್ಚಿ ಹಚ್ಚುತ್ತೇನೆ ಅಂದ. ಕವರಿಲ್ಲದ ಆ ಮೂರನೇ ಕ್ಯಾಸೆಟ್ಟಿನ ಪೇಟಿಯೂ ತಮ್ಮದೇ ಅಂದರು. ಗೆಳತಿ ಅವತ್ತಿನಿಂದ ನಮ್ಮ ಮಾತು ಕೇಳುವುದನ್ನು ಬಿಟ್ಟಿದ್ದಾಳೆ.

ಒಂದು ಸೂಕ್ಷ್ಮ ಇದೆ. ಮೋಡಕಾ ಅಂಗಡಿಗೆ ಕೊಟ್ಟ 30 ರೂಪಾಯಿ ಹಾಡಿದವರಿಗೆ, ನುಡಿಸಿದವರಿಗೆ ಮುಟ್ಟುವುದಿಲ್ಲ. ಅದಕ್ಕೆ ನಾವು ನಮ್ಮೊಳಗೆ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ: ಬದುಕಿರುವ ಹಾಡುಗಾರರು ಸಿಕ್ಕರೆ ಅವರ ಮೇಳ ಇರುವ ಜಾತ್ರೆಗೆ ಹೋಗಿ ಕೂತು ಕೇಳುವುದು, ಜನ ಹತ್ತು-ಐವತ್ತು ಕೊಟ್ಟು ಹೆಸರು ಕೂಗಿಸುವಾಗ ನಾವೂ ಕೊಡುವುದು. ಮತ್ತು ಯಾರದೇ ಕ್ಯಾಸೆಟ್ಟನ್ನೂ ಅವರನ್ನು ಕೇಳದೆ ನೆಟ್ಟಿಗೆ ಏರಿಸುವುದಿಲ್ಲ. ಕಾಪಿ ಮಾಡಿ ಇಡುತ್ತೇವೆ ಅಷ್ಟೇ.

ಕಾಪಿ ಯಾಕೆ ಅಂದರೆ ಟೇಪ್ ಬಹಳ ದಿನ ಕಾಯುವುದಿಲ್ಲ. 3.81 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಪುಡಿಯ ಲೇಪ, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಹೆಡ್ಡಿನ ಮುಂದೆ ಹಾಯುತ್ತದೆ. 60 ನಿಮಿಷದ ಒಂದು ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ಪಟ್ಟಿ. ನಮ್ಮ ಬಿಸಿಲಿಗೆ, ಪತ್ರಾಸಿನ ಅಟ್ಟದ ಕಾವಿಗೆ ಲೇಪ ಉದುರುತ್ತದೆ, ಒತ್ತುವ ಸಣ್ಣ ಪ್ಯಾಡ್ ಕಿತ್ತು ಬರುತ್ತದೆ, ಪ್ಲೇಯರಿನ ರಬ್ಬರ್ ಬೆಲ್ಟ್ ಅಂಟಿನಂತಾಗುತ್ತದೆ. ಪ್ಯಾಡ್ ಹೋದದ್ದಕ್ಕೆ ಬೇರೆ ಕ್ಯಾಸೆಟ್ಟಿನ ಒಳಗಿನದನ್ನು ಹಾಕಬಹುದು. ದನಿ ಮುಸುಕು ಹಾಕಿದಂತೆ ಕೇಳಿದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ತಾಳದ ಶಬ್ದ ಸ್ಪಷ್ಟವಾಗುವ ತನಕ ಹೊಂದಿಸಬೇಕು. ಪ್ಲೇಯರಿನ ಔಟ್‌ಪುಟ್ಟಿಗೆ ವೈರ್ ಹಾಕಿ ಲ್ಯಾಪ್‌ಟಾಪಿಗೆ ತಂದು, ಪುಕ್ಕಟೆ ಸಿಗುವ ಆಡಾಸಿಟಿಯಲ್ಲಿ ರೆಕಾರ್ಡ್ ಮಾಡುವುದು. 44.1 ಕಿಲೋಹರ್ಟ್ಜ್, 16 ಬಿಟ್ ಸ್ಟೀರಿಯೊದಲ್ಲಿ ಒಂದು ಗಂಟೆಗೆ 635 ಎಂಬಿ ಆಸುಪಾಸು. ಎರಡು ಸಿನಿಮಾ ಅಳಿಸಿದರೆ ನಾಲ್ಕೈದು ಕ್ಯಾಸೆಟ್ ಹಿಡಿಯುತ್ತವೆ.

ಇದೇ ಊರಿನಲ್ಲಿ ವಕೀಲಿ ಮಾಡಿಕೊಂಡಿದ್ದ ಫ.ಗು. ಹಳಕಟ್ಟಿಯವರು ಯಾರ್ಯಾರದೋ ಮನೆಯ ತಾಡೋಲೆ ಕಟ್ಟುಗಳನ್ನು ಬೇಡಿ ತಂದು ಓದಿ, 1923ರಲ್ಲಿ ವಚನಶಾಸ್ತ್ರ ಸಾರ ಅಚ್ಚು ಹಾಕಿಸಿದರು. ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ಗರತಿಯ ಹಾಡು ತಂದರು. ಅವರ ಕೆಲಸದ ಜೊತೆಗೆ ನಮ್ಮದನ್ನು ಇಟ್ಟು ಹೇಳುವಷ್ಟು ಸೊಕ್ಕು ನಮಗಿಲ್ಲ. ಆದರೆ ಕಟ್ಟು ಬಿಚ್ಚುವ ಮೊದಲು ಒಳಗೆ ಏನಿದೆ ಅಂತ ಅವರಿಗೂ ಗೊತ್ತಿರಲಿಲ್ಲ ಅನ್ನುವುದನ್ನು ಮಾತ್ರ ನೆನೆಸಿಕೊಳ್ಳುತ್ತೇವೆ.

ಸದ್ಯ ನಮ್ಮ ಮುಂದಿರುವುದು 38ನೇ ಕ್ಯಾಸೆಟ್. ತಿಕೋಟಾದ ಕಡೆ ಒಂದು ಒಣದ್ರಾಕ್ಷಿ ಶೆಡ್ಡಿನ ಸಾಮಾನಿನ ಜೊತೆ ಬಂದದ್ದು ಅಂತ ಮೋಡಕಾ ಕಾಕಾ ಹೇಳಿದರು. ಅಂಗಡಿಯಲ್ಲಿ ಮಾರಿದ್ದಲ್ಲ, ಯಾರೋ ಜಾತ್ರೆಯಲ್ಲಿ ಕೂತು ರೆಕಾರ್ಡ್ ಮಾಡಿಕೊಂಡದ್ದು. ಮೇಲೆ ನೀಲಿ ಪೆನ್ನಿನಲ್ಲಿ ‘2ನೇ ದಿನ ರಾತ್ರಿ’ ಅಂತ ಮಾತ್ರ ಬರೆದಿದೆ. ಒಳಗೆ ಹರದೇಶಿ-ನಾಗೇಶಿ ವಾದ. ನಾಗೇಶಿ ಕಡೆಯ ಹೆಣ್ಣುಮಗಳ ದನಿ ಒಡಕು ದನಿ, ಮೇಲಿನ ಸ್ವರಕ್ಕೆ ಹೋದಾಗ ಇನ್ನಷ್ಟು ಒಡೆಯುತ್ತದೆ. ಆಕಿ ಅದನ್ನು ಮುಚ್ಚುವುದಿಲ್ಲ, ಅಲ್ಲೇ ನಿಂತು ಎದುರಿನವರಿಗೆ ಸವಾಲು ಹಾಕುತ್ತಾಳೆ. ಜನ ಸಿಳ್ಳೆ ಹೊಡೆಯುವುದು, ಯಾರೋ ಮಗುವನ್ನು ಗದರಿಸುವುದು ಎಲ್ಲಾ ಕೇಳುತ್ತದೆ. ಎರಡನೇ ಬದಿಯಲ್ಲಿ ಜವಾಬು ಅರ್ಧಕ್ಕೆ ಬಂದಾಗ ಟೇಪ್ ಮುಗಿದುಹೋಗುತ್ತದೆ. ಮೊದಲನೇ ದಿನದ್ದು, ಮೂರನೇ ದಿನದ್ದು ಎಲ್ಲಿವೆಯೋ. ತಿಕೋಟಾ ಸುತ್ತಿನ ಊರಿನವರು ನಮ್ಮ ಕಾಲೇಜಿನಲ್ಲಿ ಸಾಕಷ್ಟು ಮಂದಿ ಇದ್ದೀರಿ. ಶನಿವಾರ ಸಂಜೆ ಕನ್ನಡ ಸಂಘದ ಕೋಣೆಗೆ ಬರ್ರಿ, ಸಾಧ್ಯವಾದರೆ ಮನೆಯ ಹಿರಿಯರಿಗೆ ಫೋನ್ ಹಚ್ಚಿ ಕೇಳಿಸ್ರಿ. ಆ ಹಾಡುವ ಅವ್ವ ಯಾರು ಅಂತ ನಮಗ ಗೊತ್ತಾಗಬೇಕಾಗಿದೆ.